ಇಬ್ಬರು ಒಟ್ಟಿಗೆ ಫೋನ್ ಇಟ್ಟಾಗ

ಪುಣೆಯ ವಾಕಡದಲ್ಲಿ ನಮ್ಮ ಕಟ್ಟಡದ ಕೆಳಗೆ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಸಣ್ಣ ಅಂಗಡಿಯೊಂದಿದೆ. ಹೋದ ಮಳೆಗಾಲದ ಒಂದು ಮಧ್ಯಾಹ್ನ ಮಿಕ್ಸರ್ ಕೊಡಲು ಇಳಿದಿದ್ದೆ. ಇರಚಲು ಒಳಗೆ ಬರದಂತೆ ಅಂಗಡಿಯವನು ಅರ್ಧ ಶಟರ್ ಎಳೆದುಕೊಂಡು ಯಾವುದೋ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದ. ರಾಳ ಸುಟ್ಟ ಹೊಗೆ, ಅದರ ಜೊತೆ ಒದ್ದೆ ಗೋಣಿಚೀಲದ ವಾಸನೆ. "ಬಸಾ ಕಾಕೂ, ಪಾಚ್ ಮಿನಿಟ್" ಎಂದು, ಐದು ನಿಮಿಷ ಕೂಡಲು ಸ್ಟೂಲು ಸರಿಸಿದ. ಕೂತೆ. ಮಿಕ್ಸರ್ ರಿಪೇರಿಯಾಗಿ ಕೈಗೆ ಬಂದ ಮೇಲೂ ಏಳಲು ಮನಸ್ಸಾಗಲಿಲ್ಲ. ಆ ವಾಸನೆ ನನ್ನನ್ನು ಎಂಬತ್ತೇಳರ ಮಳೆಗಾಲಕ್ಕೆ ಒಯ್ದಿತ್ತು. ಆ ವರ್ಷ ಮೈಗೆ ಹತ್ತಿದ ದಣಿವು ಒಳಗೆಲ್ಲೋ ಇನ್ನೂ ಉಳಿದಿದೆ ಎಂದು ಅವತ್ತು ಗೊತ್ತಾಯಿತು.

ನಾನು ಧಾರವಾಡದಿಂದ ಪುಣೆಗೆ ಬಂದು ಆಗ ಎರಡನೆಯ ವರ್ಷ. ಸ್ವಾರಗೇಟ ಬಸ್ ನಿಲ್ದಾಣದ ಹಿಂದೆ ಅಣ್ಣನ ಎರಡು ಕೋಣೆಯ ಮನೆ. ಅಣ್ಣ ವಿಮಾ ಕಚೇರಿಯಲ್ಲಿ ಗುಮಾಸ್ತ. ಮಳೆಗಾಲ ಬಂತೆಂದರೆ ಆ ಎರಡು ಕೋಣೆಗಳಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದರು ವೈನಿ, ಅಣ್ಣನ ಹೆಂಡತಿ. ಒಣಗುತ್ತಿರಲಿಲ್ಲ. ಹಸಿ ಲಂಗದ ಮೇಲೆ ಇಸ್ತ್ರಿ ಎಳೆದು, ಬೆಚ್ಚಗಿರುವಾಗಲೇ ಉಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಕೆಲಸ ಸಾತಾರಾ ರಸ್ತೆಯ ಒಂದು ಸಣ್ಣ ಕಂಪನಿಯಲ್ಲಿ. ಕಚೇರಿ, ಕಾರಖಾನೆಗಳ ಒಳಗಿನ ಫೋನುಗಳನ್ನು ಒಂದಕ್ಕೊಂದು ಜೋಡಿಸುವ ಪುಟ್ಟ ಎಕ್ಸ್‌ಚೇಂಜುಗಳನ್ನು ತಯಾರಿಸುತ್ತಿದ್ದರು. ಹಳೆಯ ಮಾದರಿಯವು ತಾಮ್ರದ ಸುರುಳಿಗಳ ಮೇಲೆ ಟಕಟಕ ಎಂದು ನಡೆಯುತ್ತಿದ್ದವು. ಮಾಲಕರಿಗೆ ಕಂಪ್ಯೂಟರ್ ಚಿಪ್ಪಿನ ಮೇಲೆ ನಡೆಯುವುದನ್ನು ಮಾಡಬೇಕೆಂಬ ಹಟ. ಅದರ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುತ್ತಿದ್ದವರು ಇಬ್ಬರು: ನಾನು ಮತ್ತು ಕುಲಕರ್ಣಿ ಸರ್.

ಕುಲಕರ್ಣಿ ಸರ್ ವಿಜಾಪುರದ ಕಡೆಯವರು, ಐವತ್ತು ದಾಟಿದ್ದರು. ಟೆಲಿಫೋನ್ ತಂತಿಗಳ ಜೊತೆ ಅರ್ಧ ಆಯುಷ್ಯ ಕಳೆದು, ತಲೆ ನರೆತ ಮೇಲೆ ಜೆರಾಕ್ಸ್ ಮಾಡಿಸಿದ ಹಾಳೆಗಳಿಂದ ಸಿ ಕಲಿತವರು. ಅವರ ಹೆಂಡತಿಗೆ ಹಿಂದಿನ ವರ್ಷ ಪಾರ್ಶ್ವವಾಯು ಆಗಿತ್ತು. ಮಕ್ಕಳಿರಲಿಲ್ಲ. ಬೆಳಿಗ್ಗೆ ಅಡಿಗೆ ಮಾಡಿ, ಆಕೆಗೆ ಸ್ನಾನ ಮಾಡಿಸಿ, ಉಣಿಸಿ ಬರುತ್ತಿದ್ದರು. ಮಧ್ಯಾಹ್ನ ಮತ್ತೆ ಸೈಕಲ್ ಮೇಲೆ ಮನೆಗೆ ಹೋಗಿ ಮಗ್ಗುಲು ಬದಲಿಸಿ ಬರುತ್ತಿದ್ದರು. ಮೇಜಿನ ಮುಂದೆ ಕೂತಲ್ಲೇ ಅವರ ಕಣ್ಣು ಮುಚ್ಚಿ ಹೋಗುತ್ತಿತ್ತು. ಎಚ್ಚರವಾದಾಗ ಮುಜುಗರದಿಂದ, "ಎಲ್ಲಿತನಕ ಬಂದಿದ್ವಿ, ಸುಧಾಬಾಯಿ?" ಎಂದು ಕೇಳುತ್ತಿದ್ದರು. ನಾನು ಸಾಲು ತೋರಿಸಿದರೆ ಅಲ್ಲಿಂದಲೇ ಮುಂದುವರಿಯುತ್ತಿದ್ದರು.

ನಮ್ಮ ಮೊದಲ ಎಕ್ಸ್‌ಚೇಂಜನ್ನು ಪ್ರಯೋಗಕ್ಕೆಂದು ಭೋರ್ ಎಂಬ ಊರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕೂರಿಸಿದ್ದು ಜೂನ್ ತಿಂಗಳಲ್ಲಿ. ವಾರ್ಡು, ಆಪರೇಶನ್ ಕೋಣೆ, ಔಷಧಿ ಅಂಗಡಿ ಎಲ್ಲ ಸೇರಿ ಮೂವತ್ತರಷ್ಟು ಫೋನು. ಅಲ್ಲಿ ಮಳೆಗಾಲ ಪೂರ್ತಿ ಸರಿಯಾಗಿ ನಡೆದರೆ ಒಂದು ದೊಡ್ಡ ಸಕ್ಕರೆ ಕಾರಖಾನೆಯವರು ತೆಗೆದುಕೊಳ್ಳುವುದಾಗಿ ಹೇಳಿದ್ದರು. ಮಾಲಕರು ಸಾಲ ಮಾಡಿ ಕೂತಿದ್ದರು.

ಅದು ನಡೆಯಲಿಲ್ಲ. ಎರಡು ದಿನ ಸರಿಯಾಗಿರುತ್ತಿತ್ತು, ಮೂರನೆಯ ದಿನ ಎಲ್ಲ ಫೋನುಗಳೂ ಒಮ್ಮೆಲೇ ಸತ್ತು ಕೂಡುತ್ತಿದ್ದವು. ಕಿವಿಗಿಟ್ಟರೆ ಗುಂಯ್ ಎಂಬ ಸದ್ದೂ ಇಲ್ಲ. ಆಗ ಆಸ್ಪತ್ರೆಯ ಆಪರೇಟರ್ ಕಮಲಾತಾಯಿ ಪೋಸ್ಟಾಫೀಸಿಗೆ ಹೋಗಿ ನಮಗೆ ಫೋನ್ ಮಾಡುತ್ತಿದ್ದಳು. ಆಕೆಯ ತವರು ಜತ್ತದ ಕಡೆ, ಮನೆಮಾತು ಕನ್ನಡವೇ. "ಬಾಯಿ, ನಿಮ್ಮ ಮಶೀನ್ ಮತ್ತ ಮೂಕ ಆಗೇದ ನೋಡ್ರಿ. ಯಾರ್ನರ ಕಳಸ್ರಿ" ಎನ್ನುತ್ತಿದ್ದಳು. ಕಳಿಸಲು ನಾವಿಬ್ಬರೇ ಇದ್ದದ್ದು. ಸ್ವಾರಗೇಟದಿಂದ ಎಸ್‌ಟಿ ಬಸ್ಸು ಹಿಡಿದು, ಚಿಪ್ಪುಗಳನ್ನು ಬೆಳ್ಳಿಕಾಗದದಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು, ಸೋರುವ ಕಿಟಕಿಯ ಪಕ್ಕ ಕೂತು ಹೋಗುತ್ತಿದ್ದೆವು. ಘಟ್ಟದ ತಪ್ಪಲಿನ ಊರು, ಮಳೆ ಎಂದರೆ ಮಳೆ. ಸಂಜೆ ತಿರುಗಿ ಬರುವಾಗ ಸೀರೆಯ ಅಂಚಿನಿಂದ ನೀರು ಇಳಿಯುತ್ತಿತ್ತು.

ತಪ್ಪು ಎಲ್ಲಿದೆ ಎಂದು ಹುಡುಕಲು ಜೂನ್ ಪೂರ್ತಿ ಹೋಯಿತು. ತಿಳಿದಾಗ ಅದು ಬಹಳ ಸಣ್ಣದಾಗಿತ್ತು.

ಇಬ್ಬರು ಫೋನಿನಲ್ಲಿ ಮಾತಾಡತೊಡಗಿದರೆ ಪ್ರೋಗ್ರಾಮು ಮೆಮೊರಿಯಲ್ಲಿ ಅವರಿಗಾಗಿ ಒಂದು ಜಾಗ ಹಿಡಿಯುತ್ತಿತ್ತು. ಯಾರು, ಯಾರ ಜೊತೆ ಎಂಬುದೆಲ್ಲ ಅಲ್ಲಿ ಇರುತ್ತಿತ್ತು. ಅದರ ಕೊನೆಯಲ್ಲಿ, ಮುಂದಿನ ಮಾತುಕತೆಯ ಜಾಗ ಎಲ್ಲಿದೆ ಎಂಬ ವಿಳಾಸ. ಹೀಗೆ ಒಂದು ಇನ್ನೊಂದರ ವಿಳಾಸ ಹೇಳುತ್ತ ಒಂದು ಸಾಲು ಆಗುತ್ತಿತ್ತು. ನಮ್ಮ ಕಸುಬಿನವರು ಇದನ್ನು ಲಿಂಕ್ಡ್ ಲಿಸ್ಟ್ ಎನ್ನುತ್ತಾರೆ. ಪ್ರೋಗ್ರಾಮು ಈ ಸಾಲಿನ ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ನಡೆದು, ಯಾರು ಫೋನ್ ಇಟ್ಟರು, ಯಾರು ಎತ್ತಿದರು ಎಂದು ನೋಡುತ್ತಿತ್ತು. ಯಾರಾದರೂ ಇಟ್ಟಿದ್ದರೆ ಅವರ ಜಾಗವನ್ನು ಸಾಲಿನಿಂದ ಬಿಡಿಸಿ ಮೆಮೊರಿಗೆ ಹಿಂದಿರುಗಿಸುತ್ತಿತ್ತು. ಆಮೇಲೆ ಮುಂದೆ ಹೋಗಬೇಕಲ್ಲ. ಮುಂದಿನ ವಿಳಾಸವನ್ನು, ಈಗಷ್ಟೇ ಬಿಟ್ಟುಕೊಟ್ಟ ಆ ಜಾಗದಲ್ಲೇ ಓದುತ್ತಿತ್ತು. ಹೆಚ್ಚಿನ ಸಲ ಹಳೆಯ ವಿಳಾಸ ಅಲ್ಲಿ ಅಳಿಸದೆ ಉಳಿದಿರುತ್ತಿದ್ದುದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಬೇರೆ ಯಾರದೋ ಕೆಲಸಕ್ಕೆ ಆ ಜಾಗ ಹೋಗಿದ್ದರೆ, ಪ್ರೋಗ್ರಾಮು ಎಲ್ಲಿಗೋ ನಡೆದು ಹೋಗಿ ಕಳೆದುಹೋಗುತ್ತಿತ್ತು.

ಬಿಡುವ ಮೊದಲೇ ಮುಂದಿನ ವಿಳಾಸ ಓದಿ ಇಟ್ಟುಕೊಳ್ಳುವುದು. ತಿದ್ದುಪಡಿ ಇಷ್ಟೇ. ಒಂದು ಮಧ್ಯಾಹ್ನ ಮುಗಿಸಿ, ಚಿಪ್ಪಿಗೆ ತುಂಬಿಸಿ ಭೋರಿಗೆ ಒಯ್ದೆವು. ಒಂದು ವಾರ ನಡೆಯಿತು. ಎರಡು ವಾರ ನಡೆಯಿತು. ಕಮಲಾತಾಯಿಯ ಫೋನ್ ಬರಲಿಲ್ಲ. ನನಗೆ ಹಗುರಾಯಿತು, ಆದರೆ ಕುಲಕರ್ಣಿ ಸರ್ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ. ಪ್ರಿಂಟೌಟ್ ಮುಂದಿಟ್ಟುಕೊಂಡು ಕೂತೇ ಇರುತ್ತಿದ್ದರು.

"ಏನ್ ಯೋಚನಿ ಮಾಡ್ತೀರಿ ಸರ್? ನಡದದಲ್ಲ" ಎಂದೆ.

"ನಡದದ. ಒಬ್ಬರು ಇಟ್ರ ಅಡ್ಡಿಯಿಲ್ಲ. ಇಬ್ಬರು ಒಟ್ಟಿಗೆ ಇಟ್ರ?" ಎಂದರು. "ಕಮಲಾತಾಯಿ ಹೊರಗಿನವರನ್ನ ಕಾಯಾಕ ಹಚ್ಚಿ, ಒಳಗಿನವರ ಕೂಡ ಮಾತಾಡ್ತಿರ್ತಾಳ. ಆಕಿ ಫೋನ್ ಇಟ್ಲಂದ್ರ ಆಕಿದೂ ಹೋಗ್ತದ, ಕಾಯ್ತಿದ್ದವರದೂ ಹೋಗ್ತದ. ಸಾಲಿನ್ಯಾಗ ಅವು ಒಂದರ ಹಿಂದ ಒಂದು ಇದ್ವು ಅನ್ರಿ. ನಾವು ಮುಂದಿಂದು ಅಂತ ಕೈಯಾಗ ಹಿಡಕೊಂಡ ವಿಳಾಸನ ಸತ್ತಿರ್ತದ."

ಅವರು ಹೇಳಿದ್ದು ನನಗೆ ಅರ್ಥವಾಯಿತು. ಹಾಗೆ ಆಗುವುದು ಅಪರೂಪವೆಂದೂ ಅನಿಸಿತು. ಅವರು ಮಾಲಕರ ಬಳಿ ಹೋಗಿ ಇನ್ನು ಹತ್ತು ದಿನ ಬೇಕೆಂದು ಕೇಳಿದರು. ಮಾಲಕರು ಕೆಟ್ಟವರಲ್ಲ, ಆದರೆ ಅವರಿಗೂ ಸಾಕಾಗಿತ್ತು. "ಚಾಲ್ತಯ್ ನಾ? ಮಗ್ ಚಾಲೂ ದ್ಯಾ" ಎಂದರು. ನಡೆಯುತ್ತಿದೆಯಲ್ಲ, ನಡೆಯಲಿ. ಭೋರಿಗೆ ಹೋಗಿ ಟ್ರಸ್ಟಿನವರಿಂದ ಸರಿಯಾಗಿದೆ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬರಲು ನಮ್ಮನ್ನು ಕಳಿಸಿದರು.

ಅವತ್ತು ಬೆಳಿಗ್ಗೆ ನಾವು ಭೋರಿನಲ್ಲಿ ಇಳಿದಾಗ ಮಳೆ ನಿಂತಿರಲಿಲ್ಲ, ಮೋಡ ಕವಿದು ಬೆಳಕೂ ಸರಿಯಾಗಿ ಆಗಿರಲಿಲ್ಲ. ಟ್ರಸ್ಟಿನ ಕಾರ್ಯದರ್ಶಿ ಬರುವವರೆಗೆ ಕಮಲಾತಾಯಿಯ ಕೋಣೆಯಲ್ಲಿ ಕೂತೆವು. ಆಕೆ ಚಹಾ ತರಿಸಿದಳು. ಅಷ್ಟರಲ್ಲಿ ಘಟ್ಟದ ಕಡೆಯಿಂದ ಸುದ್ದಿ ಬಂತು. ರಸ್ತೆಯ ಮೇಲೆ ಕುಸಿದ ಮಣ್ಣು ತೆಗೆಯಲು ಹೊರಟಿದ್ದ ಕೂಲಿಯವರ ಟೆಂಪೊ ಉರುಳಿದೆ, ಇಲ್ಲಿಗೇ ತರುತ್ತಿದ್ದಾರೆ.

ಕಮಲಾತಾಯಿ ಚಹಾ ಬಿಟ್ಟು ಕೆಲಸಕ್ಕೆ ನಿಂತಳು. ಆಪರೇಶನ್ ಕೋಣೆ, ಎರಡೂ ವಾರ್ಡು, ರಕ್ತ ತರಿಸಲು ಪುಣೆಗೆ, ನೀರಾ ನದಿಯ ಸೇತುವೆಯ ಆಚೆ ಇದ್ದ ಸರ್ಜನ್ ಅವರ ಮನೆಗೆ. ಒಬ್ಬರನ್ನು ಕಾಯಲು ಹಚ್ಚಿ ಇನ್ನೊಬ್ಬರಿಗೆ ಮಾತು, ಅವರನ್ನು ಬಿಟ್ಟು ಮತ್ತೊಬ್ಬರಿಗೆ. ಸರ್ಜನ್ ಮನೆಯ ಫೋನು ಇನ್ನೂ ರಿಂಗ್ ಆಗುತ್ತಿತ್ತು. ಆಗ ಎಲ್ಲವೂ ನಿಂತಿತು.

"ಹೋತು" ಎಂದಳು ಆಕೆ, ರಿಸೀವರ್ ಕೈಯಲ್ಲೇ ಹಿಡಿದು.

ಕುಲಕರ್ಣಿ ಸರ್ ಎದ್ದು ಪೆಟ್ಟಿಗೆಯ ಬಟನ್ ಆರಿಸಿ ಹೊತ್ತಿಸಿದರು. ಜೀವ ಬಂತು. ಎರಡು ಮಾತಾಗುವಷ್ಟರಲ್ಲಿ ಮತ್ತೆ ಹೋಯಿತು. ಮತ್ತೆ ಹೊತ್ತಿಸಿದರು. ಇಡೀ ಆಸ್ಪತ್ರೆಯವರು ಫೋನ್ ಎತ್ತುತ್ತಿದ್ದರು, ಸದ್ದಿಲ್ಲವೆಂದು ಇಡುತ್ತಿದ್ದರು. ನಮ್ಮ ಪ್ರೋಗ್ರಾಮಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇರಲಿಲ್ಲ. ಮೂರನೆಯ ಸಲ ಸತ್ತಾಗ ಅವರು ಪೆಟ್ಟಿಗೆಯ ತಂತಿಯನ್ನೇ ಕಿತ್ತರು. ಹೊರಗಿನ ಲೈನನ್ನು ಹಿಡಿದು, ಹಲ್ಲಿನಿಂದ ತೊಗಟೆ ಬಿಚ್ಚಿ, ಒಂದು ಫೋನಿಗೆ ನೇರ ಹೆಣೆದುಕೊಟ್ಟರು. "ಹೊರಗ ಇದರ ಮ್ಯಾಲ ಮಾತಾಡ್ರಿ ತಾಯಿ. ಒಳಗ ಫೋನ್ ಇಲ್ಲ ಅಂತ ತಿಳೀರಿ." ನನ್ನ ಕಡೆ ತಿರುಗಿದರು. "ಸುಧಾಬಾಯಿ, ನೀವು ಓಡ್ರಿ."

ಅಷ್ಟರಲ್ಲಿ ಹೊತ್ತು ಹೋಗಿತ್ತು. ಫೋನ್ ಮೊದಲು ಸತ್ತಾಗಲೇ ಸೈಕಲ್ ಮೇಲೆ ಕಳಿಸಿದ್ದ ಆಳಿನ ಜೊತೆ ಸರ್ಜನ್ ಬಂದಾಗ ಟೆಂಪೊದವರನ್ನು ತಂದು ಮಲಗಿಸಿ ಬಹಳ ಹೊತ್ತಾಗಿತ್ತು.

ಆ ದಿನ ಪೂರ್ತಿ ನಾನು ಓಡಿದೆ. ಮೇಲಿನ ವಾರ್ಡಿನಿಂದ ಔಷಧಿ ಕೋಣೆಗೆ, ಅಲ್ಲಿಂದ ಆಪರೇಶನ್ ಕೋಣೆಯ ಬಾಗಿಲಿಗೆ, ಅಲ್ಲಿಂದ ಕಮಲಾತಾಯಿಯ ಬಳಿಗೆ. ಯಾರು ಏನು ಹೇಳಿದರೋ ಅದನ್ನೇ ಒಯ್ದು ಹೇಳುವುದು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಆ ಕೂಲಿಯವರು ಯಾದಗಿರಿ ಕಡೆಯವರು. ಅವರ ಮಾತು ನರ್ಸುಗಳಿಗೆ ತಿಳಿಯದು, ನರ್ಸುಗಳ ಮರಾಠಿ ಅವರಿಗೆ ಅರ್ಧ ತಿಳಿಯುವುದು. ಎಲ್ಲಿ ನೋವು, ಏನು ಉಂಡಿದ್ದೀಯ, ಹೆಸರೇನು ಎಂದು ನಾನೇ ಕೇಳಿ ಹೇಳಬೇಕಾಯಿತು.

ಅವರಲ್ಲಿ ಒಬ್ಬಳು ಭೀಮವ್ವ. ಮೂವತ್ತರ ಒಳಗಿನ ವಯಸ್ಸು. ತೊಡೆಯ ಎಲುಬು ಮುರಿದಿತ್ತು. ತನ್ನ ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರತಿ ಸಲ ನಾನು ವಾರ್ಡಿಗೆ ಬಂದಾಗಲೂ ಒಂದೇ ಕೇಳುತ್ತಿದ್ದಳು. "ಯಕ್ಕಾ, ನಮ್ಮ ಮನಿಯವ ಎಲ್ಲಿ ಅದಾನ?"

"ಆಪರೇಶನ್ ಮಾಡ್ಲಿಕತ್ತಾರವಾ."

"ಮಾತಾಡ್ತಾನೇನು?"

"ಒಳಗ ಬಿಡೂದಿಲ್ಲ ನನ್ನ."

"ಬಾಗಲದಾಗ ನಿಂತು ಕೇಳಿ ಬಾ ಯಕ್ಕಾ. ಅಂವ ಸಣ್ಣ ದನಿ ಮಾಡಿ ಮಾತಾಡೂವಲ್ಲ. ಕೇಳ್ತದ."

ಬಾಗಿಲಲ್ಲಿ ನಿಂತು ಕೇಳಿದೆ. ಒಳಗಿನಿಂದ ಲೋಹದ ತಟ್ಟೆಯ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಸಂಜೆ ನಾಲ್ಕರ ಸುಮಾರಿಗೆ ಅವನು ತೀರಿಕೊಂಡ. ಸರ್ಜನ್ ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತರು. ಕುಲಕರ್ಣಿ ಸರ್ ಅವರ ಮುಂದೆ ಹೋಗಿ ನಿಂತು, ಫೋನ್ ಸರಿಯಿದ್ದು ನೀವು ಬೇಗ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಮರಾಠಿಯಲ್ಲಿ ನೇರವಾಗಿ ಕೇಳಿಬಿಟ್ಟರು. ಸರ್ಜನ್ ತಲೆಯ ಟೊಪ್ಪಿಗೆ ತೆಗೆದರು. ಹೇಳಲು ಬರುವುದಿಲ್ಲ, ಒಳಗೆ ಬಹಳ ರಕ್ತ ಹೋಗಿತ್ತು, ಹೌದೂ ಅನ್ನಲಾರೆ, ಇಲ್ಲವೂ ಅನ್ನಲಾರೆ ಎಂದರು. ನನ್ನನ್ನು ನೋಡಿ, ನೀವು ಇವತ್ತು ಬಹಳ ಓಡಾಡಿದಿರಿ, ಉಪಕಾರವಾಯಿತು ಎಂದರು. ಆ ಮಾತು ಕೇಳಿ ನನಗೆ ಅಳು ಬಂತು.

ಭೀಮವ್ವನಿಗೆ ಯಾರು ಹೇಳುವುದು? "ತುಮ್ಹೀಚ್ ಸಾಂಗಾ ತಾಯೀ, ತುಮಚೀ ಭಾಷಾ ಆಹೆ" ಎಂದಳು ಹಿರಿಯ ನರ್ಸ್. ನೀವೇ ಹೇಳಿ, ನಿಮ್ಮ ಭಾಷೆಯವಳು. ನಾನು ವಾರ್ಡಿನ ಬಾಗಿಲಲ್ಲೇ ನಿಂತೆ.

"ನೀವು ಇಲ್ಲೇ ಇರ್ರಿ. ನಾ ಹೇಳ್ತೀನಿ" ಎಂದರು ಕುಲಕರ್ಣಿ ಸರ್. ಒಳಗೆ ಹೋಗಿ ಆಕೆಯ ಮಂಚದ ಪಕ್ಕ ನೆಲದ ಮೇಲೆ ಕೂತರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಆಕೆ ಕೂಗಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು, ತೂಕ ಕಟ್ಟಿದ ಕಾಲಿನಿಂದಾಗಿ ಮೈ ಪೂರ್ತಿ ತಿರುಗಿಸಲು ಆಗಲಿಲ್ಲ.

ಮರುದಿನ ಕಚೇರಿಯಲ್ಲಿ ಮಾಲಕರು ಮೊದಲು ಕೇಳಿದ್ದು ಪತ್ರಕ್ಕೆ ಸಹಿ ಆಯಿತೇ ಎಂದು. ಕುಲಕರ್ಣಿ ಸರ್ ನಡೆದದ್ದನ್ನು ಹೇಳಿದರು. ಮಾಲಕರ ಮುಖ ಬಿಳಚಿಕೊಂಡಿತು. ಹಾಗಾದರೆ ಎರಡು ದಿನದಲ್ಲಿ ಸರಿಮಾಡಿ ಎಂದರು. ಆಗ ಕುಲಕರ್ಣಿ ಸರ್, ಅಷ್ಟು ವರ್ಷಗಳಲ್ಲಿ ಯಾರಿಗೂ ಇಲ್ಲವೆನ್ನದವರು, ಆಗುವುದಿಲ್ಲ ಎಂದರು. ಪೂರ್ತಿ ಸರಿಯಾಗುವವರೆಗೆ ಆ ಪೆಟ್ಟಿಗೆಗೆ ಕರೆಂಟ್ ಕೊಡಬಾರದು, ಭೋರಿಗೆ ನಮ್ಮ ಹಳೆಯ ತಾಮ್ರದ ಸುರುಳಿಯ ಎಕ್ಸ್‌ಚೇಂಜ್ ಕಳಿಸಬೇಕು. ಬೇಡವೆಂದರೆ ನನ್ನನ್ನು ಕೆಲಸದಿಂದ ಬಿಟ್ಟುಬಿಡಿ ಎಂದರು. ಆ ಸಂಬಳದ ಮೇಲೆ ಅವರ ಹೆಂಡತಿಯ ಔಷಧಿ ನಡೆಯುತ್ತಿತ್ತು, ನನಗೆ ಗೊತ್ತಿತ್ತು, ಮಾಲಕರಿಗೂ ಗೊತ್ತಿತ್ತು. ಮಾಲಕರು ಕಿಟಕಿಯ ಕಡೆ ನೋಡುತ್ತ, "ಬರಂ" ಎಂದರು. ಆಗಲಿ.

ಆಮೇಲಿನ ವಾರಗಳು ನನ್ನ ನೆನಪಿನಲ್ಲಿ ಬೇರೆ ಬೇರೆಯಾಗಿ ಉಳಿದಿಲ್ಲ. ಮಳೆ, ಪ್ರಿಂಟೌಟು, ಚಹಾ, ಬೆನ್ನುನೋವು. ಕುಲಕರ್ಣಿ ಸರ್ ಯೋಚಿಸಿಟ್ಟದ್ದು ಸರಳವಾಗಿತ್ತು. ಸಾಲಿನ ಮೇಲೆ ಯಾರಾದರೂ ನಡೆಯುತ್ತಿರುವಾಗ ಯಾರನ್ನೂ ಕಿತ್ತು ತೆಗೆಯಬಾರದು. ಫೋನ್ ಇಟ್ಟವರ ಜಾಗದ ಮೇಲೆ ಹೋದರು ಎಂದು ಗುರುತು ಮಾತ್ರ ಮಾಡುವುದು. ನಡೆಯುವವರು ಆ ಗುರುತು ಕಂಡರೆ ಅವರನ್ನು ಕೇಳದೆ ದಾಟಿ ಹೋಗುವುದು, ಆದರೆ ಮುಂದಿನ ವಿಳಾಸ ಅಲ್ಲೇ ಇರುವುದರಿಂದ ದಾರಿ ತಪ್ಪುವುದಿಲ್ಲ. ಒಂದು ನಡಿಗೆಯ ಒಳಗೆ ಇನ್ನೊಂದು ನಡಿಗೆ ಸುರುವಾಗುವುದೂ ಉಂಟು, ಆದ್ದರಿಂದ ಎಷ್ಟು ಜನ ನಡೆಯುತ್ತಿದ್ದಾರೆ ಎಂಬ ಲೆಕ್ಕ ಬೇಕು. ಕೊನೆಯವನೂ ನಡೆದು ಮುಗಿಸಿದ ಮೇಲೆ, ಗುರುತು ಬಿದ್ದವರನ್ನು ಒಟ್ಟಿಗೆ ತೆಗೆದು ಸಾಲನ್ನು ಕೂಡಿಸುವುದು.

ಸರಳ, ಆದರೆ ಆ ಪ್ರೋಗ್ರಾಮಿನಲ್ಲಿ ಸಾಲನ್ನು ಮುಟ್ಟುವ ಜಾಗಗಳು ಎಲ್ಲೆಲ್ಲೋ ಇದ್ದವು. ಒಂದು ಬಿಟ್ಟರೂ ಎಲ್ಲ ವ್ಯರ್ಥ. ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋಗಿದ್ದಾರೆ ಎಂದುಕೊಂಡು ನಾನು ನಿಲ್ಲಿಸಿದರೆ, "ಮುಂದ" ಎನ್ನುತ್ತಿದ್ದರು. ಒಂದು ದಿನ ನಾನೇ ಕೀಬೋರ್ಡಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದೆ. ಎದ್ದಾಗ ಪರದೆಯ ತುಂಬ ಒಂದೇ ಅಕ್ಷರ. ಮನೆಯಲ್ಲಿ ವೈನಿ ತಟ್ಟೆ ಮುಂದಿಟ್ಟು, "ಹಿಂಗ್ ಸೊರಗಿದ್ರ ಬಂದ ವರಾ ಏನಂದಾರು?" ಎಂದು ಬೇಸರಪಟ್ಟುಕೊಂಡರು. ಅಣ್ಣ, "ಈಗ ಸುಮ್ನಿರು, ಉಣ್ಣಲಿ" ಎಂದ. ಅವರಿಗೆ ಭೋರಿನದು ಹೇಳಿರಲಿಲ್ಲ. ಹೇಳಲು ಕೂತರೆ ಲಿಂಕ್ಡ್ ಲಿಸ್ಟಿನಿಂದ ಸುರುಮಾಡಬೇಕಾಗುತ್ತಿತ್ತು.

ಆ ಎಕ್ಸ್‌ಚೇಂಜಿನ ಮುಂದಿನ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾರಖಾನೆಯವರು ದೀಪಾವಳಿಯ ಹೊತ್ತಿಗೆ ಬೇರೆ ಕಂಪನಿಯ ಎಕ್ಸ್‌ಚೇಂಜ್ ತೆಗೆದುಕೊಂಡರು. ನಮ್ಮ ಮಾಲಕರು ಮರುವರ್ಷ ಆ ವಿಭಾಗವನ್ನೇ ಮುಚ್ಚಿದರು. ನಾನು ಬ್ಯಾಂಕುಗಳ ಪ್ರೋಗ್ರಾಮಿನ ಕೆಲಸಕ್ಕೆ ಹೋದೆ. ಕುಲಕರ್ಣಿ ಸರ್ ಮನೆಯಲ್ಲೇ ರೇಡಿಯೊ ರಿಪೇರಿ ಮಾಡಿಕೊಂಡು ಹೆಂಡತಿಯನ್ನು ನೋಡಿಕೊಂಡಿದ್ದರು. ಭೋರಿನ ಪೆಟ್ಟಿಗೆ ಮಾತ್ರ ಎಷ್ಟೋ ವರ್ಷ ನಡೆಯಿತಂತೆ.

ಅದನ್ನು ಮತ್ತೆ ಹೊತ್ತಿಸಿದ್ದು ಶ್ರಾವಣದ ಕೊನೆಯಲ್ಲಿ. ಹೊಸ ಚಿಪ್ಪು ಕೂರಿಸಿದ ಮೇಲೆ ಕುಲಕರ್ಣಿ ಸರ್ ಸರ್ಜನ್ ಅವರ ಬಳಿ ಒಂದು ಬೇಡಿಕೆ ಇಟ್ಟರು. ಆಸ್ಪತ್ರೆಯ ಎಲ್ಲ ಫೋನುಗಳನ್ನೂ ಜನ ಒಟ್ಟಿಗೆ ಎತ್ತಿ ಮಾತಾಡುತ್ತಿರಬೇಕು, ನಾವು ಹೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಇಡಬೇಕು. ಸರ್ಜನ್ ಒಪ್ಪಿದರು. ತಾವೂ ತಮ್ಮ ಕೋಣೆಯ ಫೋನ್ ಹಿಡಿದು ನಿಂತರು. ನರ್ಸುಗಳು, ಅಡಿಗೆಯವಳು, ಔಷಧಿ ಅಂಗಡಿಯವನು, ಕಸ ಗುಡಿಸುವವರು, ಎಲ್ಲರ ಕಿವಿಯಲ್ಲೂ ಒಂದೊಂದು ಫೋನು. ಹೆಣ್ಣುಮಕ್ಕಳ ವಾರ್ಡಿನಲ್ಲಿ ಕೈ ಸಾಲದೆ ನರ್ಸ್ ಒಂದು ರಿಸೀವರನ್ನು ಭೀಮವ್ವನಿಗೆ ಕೊಟ್ಟಳು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಇನ್ನೂ ಅಲ್ಲೇ ಇದ್ದಳು. ಅವಳ ಗಂಡನ ಮಣ್ಣು ಭೋರಿನಲ್ಲೇ ಆಗಿತ್ತು, ಅವಳಿಗೆ ಹೋಗಲು ಆಗಿರಲಿಲ್ಲ. ಕೂಲಿಯವರ ಗುಂಪು ಮುಂದಿನ ಕೆಲಸಕ್ಕೆ ಹೋಗಿಬಿಟ್ಟಿತ್ತು. ಅವತ್ತೇ ಅವಳ ಅಣ್ಣ ಊರಿನಿಂದ ಕರೆದೊಯ್ಯಲು ಬಂದಿದ್ದ.

ಕಮಲಾತಾಯಿ ವರಾಂಡದಲ್ಲಿ ನಿಂತು, "ಠೇವಾ" ಎಂದು ಕೂಗಿದಳು. ಫೋನ್ ಇಡಿ ಎಂಬ ಆ ಮಾತು ವಾರ್ಡಿನಿಂದ ವಾರ್ಡಿಗೆ ಹೋಯಿತು. ಎಲ್ಲರೂ ಇಟ್ಟರು. ನಾನು ಪೆಟ್ಟಿಗೆಯ ದೀಪ ನೋಡುತ್ತಿದ್ದೆ. ಮಿನುಗುತ್ತಲೇ ಇತ್ತು. ಮತ್ತೆ ಎತ್ತಿಸಿ, ಮತ್ತೆ ಇಡಿಸಿದೆವು. ಅರ್ಧ ಜನ ಇಡುವುದು, ಅರ್ಧ ಜನ ಎತ್ತುವುದು. ಕಮಲಾತಾಯಿ ಕಾಯಲು ಹಚ್ಚಿ ಥಟ್ಟನೆ ಬಿಟ್ಟುಬಿಡುವುದು. ಎಲ್ಲ ಮಾಡಿದೆವು. ಆಮೇಲೆ ಆಕೆ ಒಂದೊಂದೇ ಫೋನಿಗೆ ರಿಂಗ್ ಮಾಡಿದಳು, ಒಬ್ಬೊಬ್ಬರೇ ಉತ್ತರ ಕೊಟ್ಟರು. ಕುಲಕರ್ಣಿ ಸರ್ ಗೋಡೆಗೆ ಒರಗಿ ನಿಂತಿದ್ದರು. ಸರ್ಜನ್ ಬಂದು ಅವರ ಕೈ ಹಿಡಿದು ಕುಲುಕಿದಾಗ ಆ ಕೈ ಸುಮ್ಮನೆ ಕುಲುಕಿಸಿಕೊಂಡಿತು.

ಹಿಂದಿರುಗುವಾಗ ಭೀಮವ್ವ ಮತ್ತು ಅವಳ ಅಣ್ಣ ನಮ್ಮ ಬಸ್ಸಿನಲ್ಲೇ ಸ್ವಾರಗೇಟಕ್ಕೆ ಬಂದರು. ಅಲ್ಲಿಂದ ಅವರಿಗೆ ಸೊಲ್ಲಾಪುರದ ಬಸ್ಸು. ಅದು ಬರುವುದು ತಡವಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಅವಳ ಕಾಲು ನೀಡಿಸಿ ಕೂರಿಸಿ, ನಾವೂ ಜೊತೆಗೆ ಕಾದೆವು. ಮನೆ ಹತ್ತು ನಿಮಿಷದ ದಾರಿ, ಆದರೆ ಬಿಟ್ಟು ಹೋಗಲು ಕಾಲು ಏಳಲಿಲ್ಲ. ತಗಡಿನ ಮೇಲೆ ಮಳೆ ಬೀಳುತ್ತಿತ್ತು.

"ನೀವು ದವಾಖಾನಿಯವ್ರೇನ್ರಿ ಯಪ್ಪಾ?" ಎಂದು ಕೇಳಿದಳು ಅವಳು ಕುಲಕರ್ಣಿ ಸರ್ ಅವರನ್ನು. "ಅವತ್ತು ಬಂದು ನೀವೇ ಹೇಳಿದ್ರಲ್ಲ."

"ಇಲ್ಲವಾ. ನಾವು ಫೋನಿನವ್ರು. ಆ ಫೋನು ಮಾಡಿದವ್ರು."

"ಇವತ್ತು ನನ್ನ ಕೈಯಾಗ ಕೊಟ್ಟಿದ್ರಲ್ಲ, ಅದಾ?"

"ಹೂಂ, ಅದಾ." ಅವರು ಸ್ವಲ್ಪ ತಡೆದರು. ಅವರು ಏನು ಹೇಳಲು ಹೊರಟಿದ್ದಾರೆ ಎಂದು ತಿಳಿದು ನಾನು ಅವರ ತೋಳು ಮುಟ್ಟಿದೆ. ಅವರು ನನ್ನ ಕಡೆ ನೋಡಲಿಲ್ಲ. "ನಿಮ್ಮ ಮನಿಯವನ್ನ ತಂದ ದಿನಾ ಅದು ಕೆಟ್ಟು ನಿಂತಿತ್ತವಾ. ಡಾಕ್ಟರನ್ನ ಕರಿಯೂದು ತಡಾ ಆತು. ತಪ್ಪು ನಮ್ಮ ಕೆಲಸದಾಗಿತ್ತು."

ಅವಳ ಅಣ್ಣ ಬೀಡಿ ಹಚ್ಚುತ್ತಿದ್ದವನು ಕಡ್ಡಿ ಆರುವವರೆಗೆ ಹಾಗೇ ಹಿಡಿದುಕೊಂಡಿದ್ದ. ಭೀಮವ್ವ ಬಸ್ಸುಗಳ ಕಡೆ ನೋಡುತ್ತಿದ್ದಳು. ಒಂದು ಬಸ್ಸು ಬಂತು, ಜನರನ್ನು ಇಳಿಸಿ ಹೋಯಿತು.

"ತಡಾ ಆಗಿದ್ದಿಲ್ಲಂದ್ರ ಉಳೀತಿದ್ನೇನ್ರಿ?"

"ಗೊತ್ತಿಲ್ಲವಾ. ಡಾಕ್ಟರನ್ನ ಕೇಳಿದೆ. ಅವ್ರಿಗೂ ಗೊತ್ತಿಲ್ಲ."

"ನಿಮಗೂ ಗೊತ್ತಿಲ್ಲ, ಅವ್ರಿಗೂ ಗೊತ್ತಿಲ್ಲ." ಅವಳು ಮೆಲ್ಲಗೆ ತಿರುಗಿ ಅವರ ಮುಖ ನೋಡಿದಳು. ಸಿಟ್ಟು ಇರಲಿಲ್ಲ, ಬೇರೇನೂ ಇರಲಿಲ್ಲ. "ಹಂಗಾರ ನನಗ್ಯಾಕ ಹೇಳಿದ್ರಿ?"

ಕುಲಕರ್ಣಿ ಸರ್ ಬೆಂಚಿನಿಂದ ಜಾರುತ್ತಿದ್ದ ಅವಳ ಗಂಟನ್ನು ಎತ್ತಿ ಸರಿಯಾಗಿ ಇಟ್ಟರು.

ಸೊಲ್ಲಾಪುರದ ಬಸ್ಸು ಬಂದಾಗ ಜನ ಬಾಗಿಲಿಗೆ ಮುಗಿಬಿದ್ದರು. ಅವಳ ಅಣ್ಣ ಗಂಟು ಹಿಡಿದು ಸೀಟಿಗಾಗಿ ಒಳಗೆ ನುಗ್ಗಿದ. ನಾನು ಪ್ಲಾಸ್ಟರಿನ ಕಾಲು ಹಿಡಿದೆ. ಮೆಟ್ಟಿಲು ಎತ್ತರವಿತ್ತು, ಹಿಡಿಯಲು ಅವಳಿಗೆ ಬೇರೆ ಏನೂ ಇರಲಿಲ್ಲ. ಕುಲಕರ್ಣಿ ಸರ್ ಬಾಗಿ ಹೆಗಲು ಕೊಟ್ಟರು. ಅವಳು ಒಂದು ಕ್ಷಣ ಆ ಹೆಗಲನ್ನು ನೋಡಿದಳು. ಆಮೇಲೆ ಅದರ ಮೇಲೆ ಕೈಯೂರಿ, ಮೈಯ ಭಾರವನ್ನೆಲ್ಲ ಹಾಕಿ ಹತ್ತಿದಳು.

ಬಸ್ಸು ತಿರುಗಿ ಗೇಟು ದಾಟುವವರೆಗೂ ಅವರು ಹಾಗೆಯೇ, ಅರ್ಧ ಬಾಗಿ, ನಿಂತಿದ್ದರು.